ತಡೆ ಭಾವನ ಕಟ್ಟು

ಬ್ರೆಡ್ ವ್ಯಾನಿನವನು ತನ್ನ ಷಡ್ಡಕನನ್ನು ಮೊದಲ ಸಲ ಕಂಡಾಗ ಅವರಿಬ್ಬರೂ ಇನ್ನೂ ಷಡ್ಡಕರಾಗಿರಲಿಲ್ಲ. ಮದುವೆಯ ಮಾತು ಮುಗಿದಿತ್ತು, ದಿನ ಗೊತ್ತಾಗಿರಲಿಲ್ಲ. ಆ ಭಾನುವಾರ ಮಧ್ಯಾಹ್ನ ಅವನು ಭಾವಿ ಮಾವನ ಸ್ಟೇಷನರಿ ಅಂಗಡಿಗೆ ಮೊದಲ ಸಲ ಬಂದಿದ್ದ. ಹೊಸ ಬಿಳಿ ಅಂಗಿ, ಪಾಲಿಶ್ ಮಾಡಿದ ಬೂಟು, ತಲೆಗೆ ಎಣ್ಣೆ, ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ದಾರಿಯಲ್ಲಿ ವ್ಯಾನಿನ ಹಿಂಬಾಗಿಲ ಚಿಲಕ ಸಿಕ್ಕಿಹಾಕಿಕೊಂಡಿತು. ಅದನ್ನು ಬಿಡಿಸುವಷ್ಟರಲ್ಲಿ ಬಲತೋಳಿನ ಮೇಲೆ ಅಂಗೈಯಗಲದ ಕಪ್ಪು ಪಟ್ಟೆಯೊಂದು ಬಂದು ಕೂತಿತು.

ಅಂಗಡಿಯ ಮುಂಭಾಗದಲ್ಲಿ ಪೆನ್ನು, ಕಂಪಾಸು, ಬಲೂನುಗಳ ಗಾಜಿನ ಕಪಾಟು. ಅದರ ಹಿಂದೆ ಪ್ಲೈವುಡ್ ಬಾಗಿಲು. ಬಾಗಿಲಾಚೆ ರೈಲುಡಬ್ಬಿಯಂಥ ಉದ್ದನೆಯ ಕೋಣೆ. ಒಂದು ಗೋಡೆಗೆ ಮಾರಾಟವಾಗದ ಭೂಗೋಳಗಳು ಸಾಲಾಗಿ ನಿಂತು ಧೂಳು ತಿನ್ನುತ್ತಿದ್ದವು. ಇನ್ನೊಂದು ಗೋಡೆಗೆ ನಾಲ್ಕು ಮಡಚುಮೇಜು, ಕಬ್ಬಿಣದ ಕುರ್ಚಿಗಳು. ಮೇಲೆ ಟಿಕ್ ಟಿಕ್ ಎನ್ನುವ ಫ್ಯಾನು. ಎಂಟು ಹತ್ತು ಜನ ತಲೆ ತಗ್ಗಿಸಿ ಕಾರ್ಡ್ ಆಡುತ್ತಿದ್ದರು. ಮಾವ ಅವನನ್ನು ಕೊನೆಯ ಮೇಜಿಗೆ ಕರೆದೊಯ್ದು, “ಇವರು ನಮ್ಮ ದೊಡ್ಡಳಿಯ,” ಎಂದರು.

ದೊಡ್ಡಳಿಯ ಎದ್ದು ನಿಂತರು. ತೆಳ್ಳನೆಯ ಮನುಷ್ಯ, ಮಣಿಕಟ್ಟಿನವರೆಗೂ ಗುಂಡಿ ಹಾಕಿದ ತೋಳು. ಬೆರಳತುದಿಗಳು ಈಗಷ್ಟೇ ನೀರಿನಿಂದ ತೆಗೆದಂತೆ ಬೆಳ್ಳಗೆ ಸುಕ್ಕಾಗಿದ್ದವು. ಅವರು ಹೊಸಬನ ಮುಖ ನೋಡುವುದಕ್ಕೆ ಮೊದಲು ತೋಳು ನೋಡಿದರು.

“ಗ್ರೀಸಾ, ಎಂಜಿನ್ ಆಯಿಲಾ?”

“ಗ್ರೀಸು.”

“ಯಾವಾಗ ಆಗಿದ್ದು?”

“ಈಗ್ಲೇ, ಬರ್ತಾ ದಾರೀಲಿ.”

“ಉಜ್ಜಿದ್ರಾ?”

“ಕರ್ಚೀಫಲ್ಲಿ ಸ್ವಲ್ಪ...”

ಆ ಮನುಷ್ಯ ಒಮ್ಮೆ ಕಣ್ಣು ಮುಚ್ಚಿ ತೆರೆದರು, ಹತ್ತಿರದವರ ಬಗ್ಗೆ ಕೆಟ್ಟ ಸುದ್ದಿ ಕೇಳಿದವರ ಹಾಗೆ. “ಉಜ್ಜಬಾರದಿತ್ತು,” ಅಂದರು. ಆಮೇಲೆ ಕುರ್ಚಿ ತೋರಿಸಿದರು. ಅವರಿಬ್ಬರ ನಡುವಿನ ಮೊದಲ ಮಾತುಕತೆ ಇಷ್ಟೇ. ಅವರು ಊರಿನ ದೊಡ್ಡ ಲಾಂಡ್ರಿಯಲ್ಲಿ ಕಲೆ ತೆಗೆಯುವ ಮೇಜಿನ ಮೇಲೆ ಕೆಲಸ ಮಾಡುತ್ತಾರೆಂದು ವ್ಯಾನಿನವನಿಗೆ ಗೊತ್ತಾದದ್ದು ಆಮೇಲೆ.

ಅವನಿಗೂ ಆ ಕಾರ್ಡ್ ಆಟ ಬರುತ್ತಿತ್ತು. ಬೇಕರಿಯ ಹಿಂದಿನ ಕಟ್ಟೆಯ ಮೇಲೆ ಹಿಟ್ಟು ನಾದುವವರ ಜೊತೆ ಕೂತು ಕಲಿತದ್ದು. ಆಟ ಹೀಗೆ: ಪ್ರತಿಯೊಬ್ಬನೂ ತನ್ನ ಬಳಿಯ ಕಾರ್ಡುಗಳಿಂದ ತನ್ನದೇ ಒಂದು ಕಟ್ಟು ಮಾಡಿಕೊಂಡು ಬರಬೇಕು, ಕಡಿಮೆಯೆಂದರೆ ಅರವತ್ತು ಎಲೆ. ಎದುರಿನವನ ಕೋಟೆಯ ಕಲ್ಲುಗಳನ್ನೆಲ್ಲ ಉರುಳಿಸಿದರೆ ಗೆಲುವು. ಸರದಿಗೊಂದು ಎಲೆ ಎತ್ತಿಕೊಳ್ಳಲೇಬೇಕು. ಎತ್ತಲು ಎಲೆಯೇ ಇಲ್ಲದವನು ಅಲ್ಲಿಗೆ ಸೋತ. ಎಲೆಗಳಲ್ಲಿ ದಾಳಿ ಮಾಡುವ ಪಡೆಗಳೂ ಇವೆ, ದಾಳಿಯನ್ನು ನಿಲ್ಲಿಸುವ ತಡೆಗಳೂ ಇವೆ.

ವ್ಯಾನಿನವನ ಕಟ್ಟು ಪೂರಾ ಪಡೆಯೇ. ಬೆಳಗಿನ ಬ್ರೆಡ್ ಹಂಚುವ ಹಾಗೆ ಒಂದೇ ಉಸಿರಿನಲ್ಲಿ ಆಡಿ ಮುಗಿಸುವುದು ಅವನ ರೂಢಿ. ಮದುವೆಯಾಗಲಿರುವ ಹುಡುಗಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಒಂದು ಕೈ ತೋರಿಸಿಬಿಡೋಣ ಎಂದು ಅವನು ಮೊದಲ ಸರದಿಗೇ ಬೇಟೆನಾಯಿ ಇಳಿಸಿದ. ಎದುರಿನವರು ಒಂದು ಎಲೆ ಇಟ್ಟು, “ಬೇಡ,” ಅಂದರು. ನಾಯಿ ಹೋಯಿತು. ಎರಡನೆಯ ಸರದಿಗೆ ಈಟಿಯವನು. “ಬೇಡ.” ಮೂರನೆಯದಕ್ಕೆ ಬೆಂಕಿಹುಳ. ಅವರು ಬಹಳ ಹೊತ್ತು ಯೋಚಿಸಿ, “ಇದು ಇರ್ಲಿ,” ಅಂದರು. ಮುಂದಿನ ಸರದಿಗೆ ಅದನ್ನೂ ಬೇಡವೆಂದರು. ಹೀಗೇ ಬೇಡ, ಬೇಡ, ಇರ್ಲಿ, ಬೇಡ. ಕೊನೆಗೆ ವ್ಯಾನಿನವನ ಕಟ್ಟು ಖಾಲಿಯಾಯಿತು. ಎದುರಿನವರು ಅವನನ್ನು ಒಂದು ಸಲವೂ ಹೊಡೆದಿರಲಿಲ್ಲ. ಸುಮ್ಮನೆ ಕೂತಿದ್ದವರ ಎದುರು ಅವನು ತನ್ನಷ್ಟಕ್ಕೆ ತಾನೇ ಮುಗಿದುಹೋಗಿದ್ದ.

“ಅಂಗಿ ಬಿಚ್ಚಿ ಕೊಟ್ಟು ಹೋಗಿ,” ಅಂದರು ಭಾವಿ ಷಡ್ಡಕ. “ನಾಳೆ ಸಂಜೆ ಕೊಡ್ತೀನಿ.”

ಭಾವಿ ಮಾವನ ಹಳೆಯ ಟೀ ಶರ್ಟು ತೊಟ್ಟು, ಸೋತ ಮುಖ ಹೊತ್ತು ಅವನು ಮನೆಗೆ ಹೋದ. ಮರುದಿನ ಅಂಗಿ ಬಂತು. ಎಲ್ಲಿ ಕಲೆಯಿತ್ತೆಂದು ಅವನಿಗೇ ಹುಡುಕಲಾಗಲಿಲ್ಲ. ಇದರಿಂದ ಅವನ ಹೊಟ್ಟೆಯುರಿ ಇನ್ನೂ ಹೆಚ್ಚಾಯಿತು.

ಮದುವೆಯಾಯಿತು. ಹೆಂಡತಿ ತನ್ನ ಅಕ್ಕನ ಗಂಡನನ್ನು ಭಾವ ಎನ್ನುತ್ತಿದ್ದಳು, ಅವನೂ ಹಾಗೇ ಕರೆಯತೊಡಗಿದ. ಹಿಂದಿನ ಕೋಣೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ತಡೆ ಭಾವ ಎಂದು. ಭಾನುವಾರ ಬಂತೆಂದರೆ ವ್ಯಾನಿನವನು ಹೊಸದೊಂದು ಕಟ್ಟು ಮಾಡಿಕೊಂಡು ಹೋಗಿ ಅವರೆದುರು ಕೂರುತ್ತಿದ್ದ, ಸೋತು ಏಳುತ್ತಿದ್ದ. ಹೆಂಡತಿಗೆ ಇದೊಂದು ತಮಾಷೆ. “ಇವತ್ತು ನೀವೇ ಎದ್ದು ಬಂದ್ರಾ, ಇಲ್ಲಾ ಯಾರಾದ್ರೂ ಎತ್ಕೊಂಡು ಬಂದ್ರಾ?” ಎಂದು ಬಾಗಿಲಲ್ಲೇ ಕೇಳುತ್ತಿದ್ದಳು.

ಭಾವ ಕಟ್ಟು ಹೇಗೆ ಮಾಡುತ್ತಾರೆಂದು ಅವನು ನೋಡಿದ್ದು ಅವರ ಮನೆಯಲ್ಲಿ. ಆ ಮನೆಯಲ್ಲಿ ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳು. ದೊಡ್ಡದು, ನಡುವಿನದು, ಚಿಕ್ಕದು ಎಂದೇ ಕರೆಸಿಕೊಳ್ಳುತ್ತಿದ್ದ ಆ ಮೂವರೂ, ಶಾಲೆಯಲ್ಲಿ ಟೀಚರಾಗಿದ್ದ ಅವರ ತಾಯಿಯೂ ಏಕಕಾಲಕ್ಕೆ ಮಾತಾಡುತ್ತಿದ್ದರು. ಅಲ್ಲಿ ಮಾತಿಗೆ ಸಂದು ಸಿಗುತ್ತಿರಲಿಲ್ಲ, ಸಿಕ್ಕಿದರೂ ಭಾವ ಅದನ್ನು ಬಳಸುತ್ತಿರಲಿಲ್ಲ. ಲಾಂಡ್ರಿಯಲ್ಲಿ ದಿನವಿಡೀ ಆವಿಯಂತ್ರದ ಬುಸುಬುಸು, ಅಲ್ಲೂ ಮಾತಿಲ್ಲ. ಮನೆಯಲ್ಲಿ ಅವರ ಜಾಗ ಕಿಟಕಿ ಬಳಿಯ ಇಸ್ತ್ರಿ ಹಲಗೆ. ಅದರ ಮೇಲೆ ಬಿಳಿ ಬಟ್ಟೆ ಹಾಸಿ, ಎಲೆಗಳನ್ನು ಒಂದೊಂದಾಗಿ ಹರಡುತ್ತಿದ್ದರು. ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು, ಒಂದೇ ಪ್ರಶ್ನೆ ಕೇಳುತ್ತಿದ್ದರು: “ಇದು ಯಾವುದಕ್ಕೆ ಮದ್ದು?”

ಅದು ಲಾಂಡ್ರಿಯ ಪ್ರಶ್ನೆ. ಚಹಾಕ್ಕೆ ಒಂದು ಸೀಸೆ, ಶಾಯಿಗೆ ಒಂದು, ತುಕ್ಕಿಗೆ ಒಂದು, ರಕ್ತಕ್ಕಂತೂ ಬರೇ ತಣ್ಣೀರು. ಏನು ಬಿದ್ದಿದೆ, ಯಾವಾಗ ಬಿದ್ದದ್ದು ಎಂದು ತಿಳಿಯದೆ ಭಾವ ಬಟ್ಟೆ ಮುಟ್ಟುತ್ತಿರಲಿಲ್ಲ. ತಿಳಿದ ಮೇಲೂ ಮೊದಲು ಒಳಹೊಲಿಗೆಯ ಅಂಚಿಗೆ ಒಂದು ಹನಿ ಹಾಕಿ ನೋಡುತ್ತಿದ್ದರು. ಕಟ್ಟಿನಲ್ಲೂ ಹಾಗೇ. ‘ಮುಚ್ಚಿದ ಬಾಗಿಲು’ ಎಂಬ ಎಲೆ ನುಗ್ಗಿ ಬರುವ ಸಣ್ಣ ಪಡೆಗೆ. ‘ಮರೆವು’ ಎಂಬುದು ಕೈಯಲ್ಲಿ ಬಚ್ಚಿಟ್ಟುಕೊಂಡವರಿಗೆ. ‘ದಟ್ಟಮಂಜು’ ಒಟ್ಟಿಗೆ ಹತ್ತು ಇಳಿಸುವವರಿಗೆ. ಯಾವುದಕ್ಕೂ ಮದ್ದಾಗದ ಎಲೆಗೆ ಆ ಹಲಗೆಯ ಮೇಲೆ ಜಾಗವಿರಲಿಲ್ಲ. ಹಾಗಾಗಿ ಅವರ ಕಟ್ಟಿನಲ್ಲಿ ಒಂದೇ ಒಂದು ಪಡೆಯೂ ಇರಲಿಲ್ಲ. ಎದುರಿನವರ ಎಲೆ ಮುಗಿಯುವವರೆಗೂ ತಡೆಯುವುದು, ಅಷ್ಟೇ ಅವರ ಆಟ.

ಹೀಗಿರುವಾಗ ಅತ್ತೆ ಒಂದು ಬಾಂಬು ಹಾಕಿದರು. ಅಂಗಡಿ ಮಾವನ ಹೆಸರಿನಲ್ಲಿತ್ತು, ಬೀಗದ ಕೈ ಅತ್ತೆಯ ಸೊಂಟದಲ್ಲಿತ್ತು. ಪಕ್ಕದ ಹಾಸಿಗೆ ಅಂಗಡಿಯವನಿಗೆ ಮಾಲು ತುಂಬಲು ಜಾಗ ಸಾಲುತ್ತಿರಲಿಲ್ಲ, ಹಿಂದಿನ ಕೋಣೆ ಕೇಳಿದ್ದ. ವಾರಕ್ಕೊಂದು ಮಧ್ಯಾಹ್ನ ನಾಲ್ಕು ಜನ ಕೂತು ಬೇಡ ಬೇಡ ಅನ್ನುವುದಕ್ಕೆ ಒಂದು ಕೋಣೆ ಯಾಕೆ ಎನ್ನುವುದು ಅತ್ತೆಯ ವಾದ. ಮಾವ ಕೆಮ್ಮಿದರು, ಕನ್ನಡಕ ಒರೆಸಿದರು, ಊರಿನ ಎಲ್ಲ ಕ್ಲಬ್ಬುಗಳೂ ಒಬ್ಬೊಬ್ಬರನ್ನು ಕಳಿಸಿ ಆಡಿಸುವ ವರ್ಷದ ದೊಡ್ಡ ಪಂದ್ಯ ಬರುವ ತಿಂಗಳು ಇದೆ, ಅಲ್ಲಿಯವರೆಗೆ ಇರಲಿ ಎಂದು ಗೋಗರೆದರು. ಅತ್ತೆ ಒಂದು ಷರತ್ತು ಹಾಕಿದರು.

“ಗೆದ್ದ ಕ್ಲಬ್ಬಿನ ಹೆಸರು ಕೆತ್ತುತ್ತಾರಲ್ಲ, ಆ ಕಪ್ಪಿನ ಮೇಲೆ ನಮ್ಮ ಅಂಗಡಿ ಹೆಸರು ಬರೋ ಹಾಗೆ ಮಾಡಿ. ಹಾಸಿಗೆಯವನಿಗೆ ನಾನೇ ಆಗಲ್ಲ ಅಂತೀನಿ. ಬರ್ಲಿಲ್ವಾ, ಮಾರನೇ ದಿನವೇ ಮೇಜು ಮಡಚಿ.”

ಸುದ್ದಿ ಭಾವನ ಮನೆಗೂ ಮುಟ್ಟಿತು. ಅಂದು ಸಂಜೆ ಅವರ ಹೆಂಡತಿ ತಂಗಿಯ ಮನೆಗೆ ಬಂದರು. ವ್ಯಾನಿನವನು ಅವರನ್ನು ಅತ್ತಿಗೆ ಎನ್ನುತ್ತಿದ್ದ. ಸದಾ ಪಟಪಟ ಮಾತಾಡುವ ಅತ್ತಿಗೆ ಅಂದು ಚಹಾ ಲೋಟ ಹಿಡಿದು, ಅದು ಆರುವವರೆಗೂ ಕುಡಿಯದೆ ಕೂತಿದ್ದರು.

“ಮನೇಲಿ ಅವ್ರು ಬಾಯಿ ಬಿಡೋದು ಭಾನುವಾರ ಒಂದೇ ದಿನ, ಗೊತ್ತಾ?” ಅಂದರು. “ಆ ರೂಮಿಂದ ಬಂದ ಮೇಲೆ. ಯಾರು ಏನ್ ಆಡಿದ್ರು, ಯಾರು ಎಲ್ಲಿ ಎಡವಿದ್ರು ಅಂತ ಊಟ ಮುಗಿಯೋವರೆಗೂ ಹೇಳ್ತಾರೆ. ಮೂರೂ ಬಾಯಿ ಮುಚ್ಕೊಂಡು ಕೇಳ್ತಾವೆ. ಆ ರೂಮು ಹೋದ್ರೆ ನಮ್ಮನೇಲಿ ಅಪ್ಪ ಅಂತ ಒಬ್ರಿದ್ದಾರೆ ಅಂತ ಗೊತ್ತಾಗೋದೇ ಅವರ ಕೆಮ್ಮಿಂದ ಆಗ್ಬಿಡುತ್ತೆ. ನೀವೇ ಏನಾದ್ರೂ ಮಾಡಿ.”

ಇಷ್ಟು ದಿನ ವ್ಯಾನಿನವನು ಯಾರನ್ನು ಹೇಗಾದರೂ ಸೋಲಿಸಬೇಕೆಂದು ಹಲ್ಲು ಕಡಿದಿದ್ದನೋ, ಅವರನ್ನು ಗೆಲ್ಲಿಸುವ ಕೆಲಸ ಈಗ ಅವನ ತಲೆಗೇ ಬಂದಿತ್ತು.

ದೊಡ್ಡ ಪಂದ್ಯದಲ್ಲಿ ಒಂದು ತೊಡಕಿತ್ತು. ಮೊದಲ ಸುತ್ತುಗಳಿಗೆಲ್ಲ ಗಡಿಯಾರ ಇಡುತ್ತಿದ್ದರು, ಹೊತ್ತು ಮೀರಿದರೆ ಆಟ ಸಮ. ಕೊನೆಯ ಎಂಟು ಜನರಿಗೆ ಮಾತ್ರ ಹೊತ್ತಿನ ಕಟ್ಟಳೆ ಇರಲಿಲ್ಲ. ಭಾವ ಹಿಂದೆ ಎರಡು ವರ್ಷ ಹೋಗಿ, ಒಂದೂ ಸೋಲದೆ, ಒಂದೂ ಗೆಲ್ಲದೆ, ಎಲ್ಲವನ್ನೂ ಸಮ ಮಾಡಿಕೊಂಡು ಬಂದಿದ್ದರು. ಪಟ್ಟಿಯಲ್ಲಿ ಅವರ ಹೆಸರು ಕೊನೆಗಿಂತ ಸ್ವಲ್ಪ ಮೇಲಿತ್ತು.

ವ್ಯಾನಿನವನು ದಾರಿ ಹುಡುಕಿದ್ದು ಲಾಂಡ್ರಿಯಲ್ಲೇ. ಒಂದು ಮಧ್ಯಾಹ್ನ ಬ್ರೆಡ್ ಹಂಚಿ ಬರುತ್ತ ಒಳಹೋದರೆ, ಭಾವ ಒಂದು ಕೋಟು ಮುಗಿಸಿ ಇನ್ನೊಂದು ಎತ್ತಿಕೊಳ್ಳುತ್ತಿದ್ದರು. ಆಟದ ಮೇಜಿನ ಮೇಲೆ ಒಂದು ಎಲೆಗೆ ಅರ್ಧ ಟೀ ಕುಡಿಯುವಷ್ಟು ಹೊತ್ತು ಯೋಚಿಸುವ ಮನುಷ್ಯ ಇಲ್ಲಿ ಸೀಸೆಯಿಂದ ಸೀಸೆಗೆ ಕಣ್ಣು ಹಾಯಿಸದೆ ಕೈ ಹಾಕುತ್ತಿದ್ದರು.

“ಭಾವ, ಇದು ಯಾವ ಕಲೆ ಅಂತ ಗೊತ್ತಾದ ಮೇಲೆ ನೀವು ಯೋಚನೆ ಮಾಡ್ತೀರಾ?”

“ಇಲ್ಲಪ್ಪ. ಕೈ ತಾನೇ ಹೋಗುತ್ತೆ.”

“ಮತ್ತೆ ಆಟದಲ್ಲಿ?”

ಭಾವ ಬ್ರಶ್ಶು ಕೆಳಗಿಟ್ಟರು. “ಅಲ್ಲಿ ಯಾವ ಕಲೆ ಅಂತ ಪತ್ತೆ ಮಾಡೋದ್ರಲ್ಲೇ ಹೊತ್ತು ಹೋಗುತ್ತೆ.”

ಅಂದಿನಿಂದ ಅಭ್ಯಾಸ ಶುರುವಾಯಿತು. ವ್ಯಾನಿನವನು ಊರಿನ ಎಲ್ಲ ಮೂಲೆಗಳಿಗೂ ಬ್ರೆಡ್ ಹಾಕುತ್ತಿದ್ದ. ಯಾವ ಕ್ಲಬ್ಬಿನಲ್ಲಿ ಯಾರು ಯಾವ ಕಟ್ಟು ಆಡುತ್ತಾರೆಂದು ಅಲ್ಲಿಲ್ಲಿ ನಿಂತು ವಿಚಾರಿಸಿಕೊಂಡು ಬಂದ. ಕ್ಷೌರದಂಗಡಿಯವನದು ನಾಯಿಪಡೆ, ಕಂಪೌಂಡರನದು ಬೆಂಕಿಪಡೆ, ಈಜುಕೊಳದ ಕಾವಲುಗಾರನದು ಕೈಯಲ್ಲಿ ಕೂಡಿಟ್ಟು ಒಮ್ಮೆಲೇ ಸುರಿಯುವ ಜಾತಿ. ಸಾಲ ಎತ್ತಿ, ಬದಲಿಸಿ, ಕೈಕಾಲು ಹಿಡಿದು ಎಲೆಗಳನ್ನು ತಂದು, ಆ ಕಟ್ಟುಗಳನ್ನೆಲ್ಲ ತಾನೇ ಕಟ್ಟಿದ. ದಿನಾ ಸಂಜೆ ಇಸ್ತ್ರಿ ಹಲಗೆಯ ಎರಡು ಬದಿ ಇಬ್ಬರೂ ನಿಲ್ಲುತ್ತಿದ್ದರು. ನಡುವಿನದು ಅಡಿಗೆಮನೆಯ ಅಲಾರಂ ಗಂಟೆ ತಂದಿಟ್ಟುಕೊಂಡು ಕೂರುತ್ತಿದ್ದಳು. ಅದು ಟ್ರಿಣ್ ಎಂದರೆ ಚಿಕ್ಕದು “ಅಪ್ಪಾ, ಸಮ” ಎಂದು ಕೂಗುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಎದುರಿನವನ ಮೊದಲ ಎರಡು ಎಲೆ ಕಂಡೊಡನೆ ಭಾವ ಕಟ್ಟಿನ ಜಾತಿ ಹೇಳತೊಡಗಿದರು. ಕೈ ತಾನೇ ಹೋಗತೊಡಗಿತು.

ಅಷ್ಟಾದರೂ ಸಾಲದು. ತಡೆಯುವುದು ಬೇಗವಾದರೂ, ಗೆಲ್ಲಲು ಎದುರಿನವನ ಕಟ್ಟು ಮುಗಿಯುವವರೆಗೆ ಕಾಯಲೇಬೇಕಿತ್ತು. “ಒಂದಾದ್ರೂ ಪಡೆ ಹಾಕಿ ಭಾವ,” ಎಂದು ಅವನು ಬೆನ್ನು ಹತ್ತಿದ. ಭಾವ ತಲೆಯಾಡಿಸಿದರು. ಅವನು ಬಿಡಲಿಲ್ಲ. ತನ್ನ ಬಳಿ ಇದ್ದದ್ದರಲ್ಲೇ ಭಾರಿಯಾದ ‘ಕಲ್ಲಾನೆ’ಯನ್ನು ತಂದು ಹಲಗೆಯ ಮೇಲಿಟ್ಟ. ಅದು ಇಳಿಯುವುದು ಬಲು ನಿಧಾನ. ಇಳಿದ ಮೇಲೆ ನಾಲ್ಕೇ ಹೆಜ್ಜೆಗೆ ಕೋಟೆ ಪುಡಿ.

ಭಾವ ಅದನ್ನು ಬೆಳಕಿಗೆ ಹಿಡಿದರು. “ಇದು ಯಾವುದಕ್ಕೆ ಮದ್ದು?”

“ಹೊತ್ತಿಗೆ ಮದ್ದು ಭಾವ.”

ಆ ಉತ್ತರಕ್ಕೆ ಭಾವ ಸೋತರು. ಕಲ್ಲಾನೆ ಒಳಗೆ ಬಂತು. ಈಗ ಅದರ ಬದಲು ಒಂದು ಎಲೆ ಹೊರಗೆ ಹೋಗಬೇಕಿತ್ತು. ಭಾವ ಮಂಜು ಎತ್ತಿದರು, ಒಟ್ಟಿಗೆ ಹತ್ತು ಇಳಿಸುವವರು ಬಂದರೆ ಎಂದು ವಾಪಸಿಟ್ಟರು. ಮರೆವು ಎತ್ತಿದರು, ಈಜುಕೊಳದವನು ನೆನಪಾಗಿ ವಾಪಸಿಟ್ಟರು. ಅತ್ತಿಗೆ ಊಟಕ್ಕೆ ಕರೆದರು, ಆರಿತು ಎಂದರು, ಇನ್ನು ಬಡಿಸುವುದಿಲ್ಲ ಎಂದರು. ಭಾವನಿಗೆ ಒಂದನ್ನೂ ಬಿಡಲು ಮನಸ್ಸು ಬರಲಿಲ್ಲ. ಕೊನೆಗೆ ಅರವತ್ತೊಂದು ಎಲೆಗಳನ್ನೂ ಒಟ್ಟಿಗೆ ಜೋಡಿಸಿ ರಬ್ಬರ್ ಹಾಕಿಬಿಟ್ಟರು.

ವ್ಯಾನಿನವನು ಹಣೆ ಚಚ್ಚಿಕೊಂಡ. ಕಟ್ಟು ದೊಡ್ಡದಾದಷ್ಟೂ ಬೇಕಾದ ಎಲೆ ಕೈಗೆ ಬರುವುದು ತಡ. ಅರವತ್ತರ ಮೇಲೆ ಒಂದು ಹಾಕುವವನನ್ನು ಕಂಡರೆ ಆಟ ಕಲಿತು ಎರಡು ದಿನವಾದವರೂ ನಗುತ್ತಾರೆ. ಅವನು ತಿಳಿಸಿ ಹೇಳಿದ, ಸಿಟ್ಟು ಮಾಡಿದ, ಬಾಗಿಲು ದಢಾರನೆ ಹಾಕಿಕೊಂಡು ಹೋದ. ಹೊರಗೆ ಹೋದ ಮೇಲೆ ವ್ಯಾನಿನ ಕೀಲಿ ಹಲಗೆಯ ಮೇಲೆ ಬಿಟ್ಟದ್ದು ನೆನಪಾಗಿ ಮತ್ತೆ ಬಾಗಿಲು ತಟ್ಟಬೇಕಾಯಿತು. ಚಿಕ್ಕದು ಕೀಲಿ ಕೊಡುತ್ತ, “ಚಿಕ್ಕಪ್ಪ, ಅಪ್ಪ ಇನ್ನೂ ಬೇಡ ಅಂತಿದ್ದಾರೆ,” ಅಂದಳು.

ಪಂದ್ಯದ ದಿನ ನಾಲ್ವರು ಬ್ರೆಡ್ ವ್ಯಾನಿನಲ್ಲೇ ಹೊರಟರು. ಮುಂದಿನ ಸೀಟಿನಲ್ಲಿ ಅತ್ತೆ. ಕರೆದವರಾರೂ ಇಲ್ಲ, ಕಣ್ಣಾರೆ ನೋಡಿಯೇ ಮೇಜು ಮಡಚಿಸುತ್ತೇನೆ ಎಂದು ತಾವಾಗಿಯೇ ಹತ್ತಿ ಕೂತಿದ್ದರು. ಹಿಂದೆ ಟ್ರೇಗಳ ನಡುವೆ ಮಾವ ಮತ್ತು ಭಾವ. ಪಂದ್ಯ ನಡೆದದ್ದು ಬ್ಯಾಡ್ಮಿಂಟನ್ ಅಂಗಳದಲ್ಲಿ. ನೆಲದ ಬಿಳಿ ಗೆರೆಗಳ ಮೇಲೆ ಸಾಲು ಸಾಲು ಮೇಜುಗಳು. ಭಾವ ಹೋದಲ್ಲೆಲ್ಲ ಅವರ ಅಂಗಿಯಿಂದ ಹೊಸ ಬ್ರೆಡ್ಡಿನ ವಾಸನೆ ಬರುತ್ತಿತ್ತು, ಪಕ್ಕದವರಿಗೆ ಹಸಿವಾಗುತ್ತಿತ್ತು.

ಕಟ್ಟು ಪರೀಕ್ಷಿಸುವ ತೀರ್ಪುಗಾರ ಎಲೆ ಎಣಿಸಿ, ಇನ್ನೊಮ್ಮೆ ಎಣಿಸಿ, ಹುಬ್ಬೇರಿಸಿದ.

“ಒಂದು ಜಾಸ್ತಿ ಇದೆಯಲ್ಲ, ಗೊತ್ತಾ?”

“ಗೊತ್ತು,” ಅಂದರು ಭಾವ.

“ನಿಯಮದಲ್ಲೇನೋ ತಪ್ಪಿಲ್ಲ...” ಎನ್ನುತ್ತ ಅವನು ಕನಿಕರದಿಂದ ಸಹಿ ಹಾಕಿದ. ಹಿಂದೆ ನಿಂತ ವ್ಯಾನಿನವನು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಛಾವಣಿ ನೋಡಿದ.

ಮೊದಲ ಸುತ್ತಿನಲ್ಲಿ ನಾಯಿಪಡೆ ಎದುರಾಯಿತು. ಭಾವನ ಕೈ ತಾನೇ ಹೋಯಿತು, ಕ್ಷೌರದಂಗಡಿಯವನು ಬೇಗನೆ ಕೈಚೆಲ್ಲಿದ. ಎರಡನೆಯದು ಸಮ. ಮೂರನೆಯದರಲ್ಲಿ ಗಂಟೆ ಬಾರಿಸಲು ಸ್ವಲ್ಪವೇ ಹೊತ್ತಿದ್ದಾಗ ಕಲ್ಲಾನೆ ಇಳಿಯಿತು. ನಾಲ್ಕು ಹೆಜ್ಜೆ ಹಾಕಿ ಕೋಟೆ ಕೆಡವಿತು. ತನ್ನ ಜೀವಮಾನದಲ್ಲೇ ಮೊದಲ ಬಾರಿಗೆ ಒಬ್ಬರನ್ನು ಹೊಡೆದು ಗೆದ್ದ ಭಾವ ಮುಖ ಕೆಂಪಗೆ ಮಾಡಿಕೊಂಡು, ಎದುರಿನವನಿಗೆ “ಏನೂ ಅನ್ಕೋಬೇಡಿ” ಎಂದರು. ಇನ್ನೊಂದು ಸಮ, ಇನ್ನೊಂದು ಗೆಲುವು. ಕೊನೆಯ ಎಂಟರಲ್ಲಿ ಎಂಟನೆಯವರಾಗಿ ಅವರ ಹೆಸರು ಬಂತು. ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ಕಡಲೆ ತಿನ್ನುತ್ತ ಇನ್ನೂ ಕಪ್ಪು ಬಂದಿಲ್ಲವಲ್ಲ ಎಂದರು.

ಅಲ್ಲಿಂದ ಮುಂದೆ ಗಡಿಯಾರವಿಲ್ಲ. ಗಡಿಯಾರವಿಲ್ಲದ ಮೇಜಿನ ಮುಂದೆ ಭಾವ ಮೀನು ನೀರಿಗೆ ಬಿದ್ದಂತೆ ಹಾಯಾಗಿ ಕೂತರು. ಇಬ್ಬರು ಬೇಸತ್ತು ಎದ್ದು ಹೋದರು. ಕೊನೆಯ ಆಟಕ್ಕೆ ಎದುರು ಬಂದು ಕೂತದ್ದು ಒಬ್ಬ ಗಡಿಯಾರ ರಿಪೇರಿಯವಳು. ನಡುವಯಸ್ಸು, ಹಣೆಯ ಮೇಲೆ ಭೂತಗನ್ನಡಿಯ ಪಟ್ಟಿಯ ಗುರುತು, ಇಟ್ಟ ಕೈ ಅಲುಗದ ಹೆಂಗಸು. ನಾಣ್ಯ ಚಿಮ್ಮಿದರು, ಮೊದಲ ಸರದಿ ಭಾವನಿಗೆ ಬಂತು. ಅವರು ಒಂದು ಎಲೆ ಎತ್ತಿಕೊಂಡು, ಏನೂ ಇಳಿಸದೆ, “ನಿಮ್ಮದು,” ಅಂದರು. ಆಕೆ ಒಂದು ಎಲೆ ಎತ್ತಿಕೊಂಡು, ಏನೂ ಇಳಿಸದೆ, “ನಿಮ್ಮದು,” ಅಂದಳು.

ವ್ಯಾನಿನವನಿಗೆ ಅರ್ಥವಾಯಿತು. ಆಕೆಯೂ ತಡೆಯವಳೇ.

ಕೈಯಲ್ಲಿ ಏಳಕ್ಕಿಂತ ಹೆಚ್ಚು ಎಲೆ ಇರುವಂತಿಲ್ಲ, ಹೆಚ್ಚಾದದ್ದನ್ನು ಎಸೆಯಬೇಕು. ಎಸೆಯುವ ಸರದಿ ಬಂದಾಗ ಭಾವ ಒಂದೊಂದೇ ಎಲೆ ನೋಡಿ, ಮೊದಲು ಎಸೆದದ್ದು ಕಲ್ಲಾನೆಯನ್ನು. ಇಡೀ ಕಟ್ಟಿನಲ್ಲಿ ಹೊಡೆಯಬಲ್ಲ ಒಂದೇ ಎಲೆ, ಅದೂ ಹೋಯಿತು. ವ್ಯಾನಿನವನು ನಾಲಿಗೆ ಕಚ್ಚಿಕೊಂಡ. ಆಟದ ನಡುವೆ ಬಾಯಿ ಬಿಟ್ಟರೆ ಹೊರಗೆ ಹಾಕುತ್ತಾರೆ. ಆಕೆ ನಡುವೆ ಒಂದೆರಡು ಪಡೆ ಇಳಿಸಿ ನೋಡಿದಳು. ಬೇಡ, ಬೇಡ. ಮತ್ತೆ ನಿಮ್ಮದು, ನಿಮ್ಮದು. ಹೆಚ್ಚಿಗೆ ಎಲೆ ಎತ್ತಿಸುವ ಕಾರ್ಡುಗಳನ್ನು ಇಬ್ಬರೂ ಮುಟ್ಟಲಿಲ್ಲ. ಸರದಿಗೊಂದು, ಅಷ್ಟೇ. ಜನ ಒಬ್ಬೊಬ್ಬರಾಗಿ ಚಹಾ ಕುಡಿಯಲು ಹೋದರು. ತೀರ್ಪುಗಾರ ಆಕಳಿಸಿದ. ಮಾವ ಕೂತಲ್ಲೇ ತೂಕಡಿಸಿದರು. ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದವರು ಅತ್ತೆ ಮತ್ತು ವ್ಯಾನಿನವನು ಮಾತ್ರ.

“ಏನೂ ಆಗ್ತಾನೇ ಇಲ್ವಲ್ಲ?” ಎಂದು ಅತ್ತೆ ಪಿಸುಗುಟ್ಟಿದರು.

“ಏನೂ ಆಗದಂಗೆ ನೋಡ್ಕೊಳ್ಳೋದೇ ಅತ್ತೆ ಇವರ ಆಟ.”

ಅತ್ತೆ ನಿದ್ದೆ ಹೋದ ಗಂಡನ ಕಡೆ ಒಮ್ಮೆ ನೋಡಿದರು. “ಹಂಗಾದ್ರೆ ನಾನೂ ಇಷ್ಟು ವರ್ಷ ಆಡಿದ್ದು ಇದೇ ಆಟ,” ಅಂದರು. ಆಮೇಲೆ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

ಎರಡೂ ಕಟ್ಟುಗಳು ಕರಗುತ್ತ ಬಂದವು. ವ್ಯಾನಿನವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಬ್ಬರದೂ ಸಮ ಸಮ. ಮೊದಲು ಶುರು ಮಾಡಿದವರು ಭಾವ, ಹಾಗಾಗಿ ಎಲೆ ಮೊದಲು ಮುಗಿಯುವುದೂ ಭಾವನದೇ. ಎತ್ತಲು ಎಲೆಯಿಲ್ಲದವನು ಸೋತ. ನಾಣ್ಯ ಆಚೆ ಮಗ್ಗುಲಿಗೆ ಬಿದ್ದಿದ್ದರೆ ಕೋಣೆ ಉಳಿಯುತ್ತಿತ್ತು. ಅವನಿಗೆ ಇಸ್ತ್ರಿ ಹಲಗೆ, ಚಿಕ್ಕದರ ಕೂಗು, ಚಹಾ ಲೋಟ ಹಿಡಿದು ಕೂತ ಅತ್ತಿಗೆ ಎಲ್ಲ ಕಣ್ಣ ಮುಂದೆ ಬಂದರು. ಗಡಿಯಾರದವಳೂ ಅದೇ ಲೆಕ್ಕ ಹಾಕಿದ್ದಳೋ ಏನೋ, ಕೊನೆಕೊನೆಗೆ ಆಕೆಯ ತುಟಿಯ ಅಂಚಿನಲ್ಲಿ ಸಣ್ಣ ನಗು ಬಂದಿತ್ತು.

ಭಾವ ಎತ್ತಿದರು. ಆಕೆ ಎತ್ತಿದಳು. ಆಕೆಯ ಮುಂದೆ ಈಗ ಬರಿಯ ಮೇಜು. ಇನ್ನು ಭಾವನಿಗೆ ಎತ್ತಲು ಏನೂ ಇರಬಾರದು. ಆಕೆ ಕೈಕುಲುಕಲು ಕೈಯನ್ನು ಅರ್ಧ ಮುಂದೆ ಚಾಚಿದಳು.

ಭಾವನ ಮುಂದೆ ಇನ್ನೂ ಒಂದು ಎಲೆ ಇತ್ತು.

ಅವರು ಅದನ್ನು ಎತ್ತಿಕೊಂಡರು. ಅದು ಒಂದು ಮುಚ್ಚಿದ ಬಾಗಿಲು. ಇಳಿಸಲೂ ಇಲ್ಲ, ಮೆಲ್ಲಗೆ ಕೈಯಲ್ಲಿ ಸೇರಿಸಿಕೊಂಡು, “ನಿಮ್ಮದು,” ಅಂದರು. ಗಡಿಯಾರದವಳು ತನ್ನ ಮುಂದಿನ ಖಾಲಿ ಮೇಜನ್ನೂ ಅವರ ಮುಖವನ್ನೂ ನೋಡಿದಳು. ತೀರ್ಪುಗಾರ ದಡಬಡಿಸಿ ಎದ್ದು ತನ್ನ ಹಾಳೆ ತಿರುವಿ ನೋಡಿ ನಕ್ಕುಬಿಟ್ಟ. ವ್ಯಾನಿನವನಿಗೆ ಆಗ ಹೊಳೆಯಿತು. ಯಾವ ಒಂದು ಎಲೆಗಾಗಿ ತಾನು ಬಾಗಿಲು ದಢಾರನೆ ಹಾಕಿದ್ದನೋ, ಕೋಣೆ ಉಳಿಸಿದ್ದು ಅದೇ ಎಲೆ. ಅವನು ಪಕ್ಕದಲ್ಲಿ ತೂಕಡಿಸುತ್ತಿದ್ದ ಮಾವನ ಬೆನ್ನಿಗೆ ಜೋರಾಗಿ ಒಂದು ಗುದ್ದಿದ. ಮಾವ ಎಚ್ಚೆತ್ತು, “ಬೇಡ, ಬೇಡ,” ಅಂದರು.

ಮರಳುವಾಗ ವ್ಯಾನಿನ ಮುಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ಕಪ್ಪಿತ್ತು. ಒಂದು ಸಿಗ್ನಲ್ಲಿನಲ್ಲಿ ವ್ಯಾನಿನವನು ಹಿಂತಿರುಗಿ ಟ್ರೇಗಳ ನಡುವಿನ ಷಡ್ಡಕನನ್ನು ಕೇಳಿದ.

“ನಿಮಗೆ ಮೊದಲೇ ಗೊತ್ತಿತ್ತಾ ಭಾವ, ಒಂದು ಎಲೆ ಜಾಸ್ತಿ ಬರುತ್ತೆ ಅಂತ?”

“ಇಲ್ಲಪ್ಪ. ಕಟ್ಟು ತೆಳ್ಳಗಾದ ಮೇಲೆ ಕಂಡಿದ್ದು. ಅಲ್ಲೀವರೆಗೂ ಸೋತೆ ಅಂತಲೇ ಅನ್ಕೊಂಡಿದ್ದೆ.”

“ಮತ್ತೆ ಅಷ್ಟು ಹೊತ್ತು ಏನ್ ಮಾಡ್ತಿದ್ರಿ?”

ಭಾವ ಯೋಚಿಸಿದರು. ಸಿಗ್ನಲ್ಲು ಹಸಿರಾಯಿತು, ಹಿಂದಿನವರು ಹಾರ್ನ್ ಹೊಡೆದರು.

“ಸೋಲೋದಾದ್ರೂ ನಿಧಾನಕ್ಕೆ ಸೋಲೋಣ ಅಂತ,” ಅಂದರು.

ಅತ್ತೆ ಕಪ್ಪನ್ನು ಸೆರಗಿನಿಂದ ಒರೆಸುತ್ತಿದ್ದರು. ಹಿಂದಿನಿಂದ ಭಾವ ಬಗ್ಗಿ ನೋಡಿ, “ಉಜ್ಜಬೇಡಿ ಅತ್ತೆ, ಮೆರುಗು ಹೋಗುತ್ತೆ,” ಅಂದರು. ಅತ್ತೆ ಉಜ್ಜುವುದನ್ನು ನಿಲ್ಲಿಸಿದರು. ಅಳಿಯನ ಮಾತಿಗೆ ಅವರು ಕೈ ನಿಲ್ಲಿಸಿದ್ದನ್ನು ಮನೆಯವರು ಅದಕ್ಕೆ ಮೊದಲು ಕಂಡಿರಲಿಲ್ಲ. ಮರುದಿನ ಹಾಸಿಗೆಯವನಿಗೆ ಅವರೇ ಹೋಗಿ ಆಗಲ್ಲ ಎಂದು ಹೇಳಿ ಬಂದರು. ಹೇಗೆ ಹೇಳಿದಿರಿ ಎಂದು ಮಾವ ಕೇಳಿದ್ದಕ್ಕೆ, ಬೇಡ ಅಂದೆ, ಅಷ್ಟೇ ಎಂದರಂತೆ.

ಪಂದ್ಯದ ರಾತ್ರಿಯ ಊಟ ಬಹಳ ಹೊತ್ತು ನಡೆಯಿತೆಂದು ಅತ್ತಿಗೆ ತಂಗಿಗೆ ಹೇಳಿದರು. ಭಾವ ಆಟವನ್ನು ಮೊದಲಿನಿಂದ ಕೊನೆಯವರೆಗೆ, ಒಂದು ‘ನಿಮ್ಮದು’ ಕೂಡ ಬಿಡದೆ ಹೇಳಿದರಂತೆ. ಚಿಕ್ಕದು ಅನ್ನದ ತಟ್ಟೆಯ ಮೇಲೆಯೇ ನಿದ್ದೆ ಹೋದಳಂತೆ. ದೊಡ್ಡದು ಮಾತ್ರ ಕೊನೆಯವರೆಗೆ ಕೇಳಿ, ಆ ಗಡಿಯಾರದ ಆಂಟಿಯ ಕಟ್ಟಿಗೆ ಮದ್ದು ಯಾವುದು ಎಂದು ಕೇಳಿದಳಂತೆ.

ವ್ಯಾನಿನವನು ಈಗಲೂ ಪಡೆಯ ಕಟ್ಟನ್ನೇ ಆಡುತ್ತಾನೆ, ಅವನ ಕೈಗೆ ಬೇರೆಯದು ಒಗ್ಗುವುದಿಲ್ಲ. ಎರಡು ಸಲ ಭಾವನನ್ನು ಸೋಲಿಸಿದ್ದಾನೆ. ಎರಡು ಸಲವೂ ಅವರಿಗೆ ಜ್ವರವಿತ್ತು ಎಂದು ಅವನ ಹೆಂಡತಿ ಹೇಳುತ್ತಾಳೆ.

ತಡೆ ಭಾವ ಈಗಲೂ ಅದೇ ಲಾಂಡ್ರಿಯಲ್ಲಿ, ಅದೇ ಮೇಜಿನ ಮೇಲೆ ಕಲೆ ತೆಗೆಯುತ್ತಾರೆ. ಭಾನುವಾರ ಊಟವಾದ ಮೇಲೆ ಅತ್ತೆಯಿಂದ ಬೀಗದ ಕೈ ತೆಗೆದುಕೊಂಡು ಹಿಂದಿನ ಕೋಣೆಯ ಬಾಗಿಲು ತೆರೆಯುತ್ತಾರೆ, ಭೂಗೋಳಗಳ ಧೂಳು ಒರೆಸುತ್ತಾರೆ, ನಾಲ್ಕು ಮೇಜು ಬಿಡಿಸುತ್ತಾರೆ. ಹೊಸಬರು ಬಂದರೆ ಕಟ್ಟು ಮಾಡುವುದನ್ನು ಹೇಳಿಕೊಡುತ್ತಾರೆ. ಸಂಜೆ ಮೇಜು ಮಡಚಿ, ಬೀಗ ಹಾಕಿ, ಮನೆಗೆ ಹೋಗುತ್ತಾರೆ.